ಕೆರೆ ದಂಡೆಯ ಮೂರು ಮನೆಗಳು

ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ದೊರೆಗಳ ಅಡುಗೆಯವನಾಗಿದ್ದೆ. ಹಿಂದಿನ ದೊರೆ ಗುಡ್ಡದ ಮೇಲಿನ ಹಳೆಯ ಬಂಗಲೆಯಲ್ಲೇ ಇದ್ದು ಹೋದರು. ಆಮೇಲೆ ಬಂದವರ ದೊರೆಸಾನಿಗೆ ಬೆಳಿಗ್ಗೆ ಎದ್ದರೆ ನೀರು ಕಾಣಬೇಕು. ಕೆರೆ ದಂಡೆಯ ಮರಗಳನ್ನೆಲ್ಲ ಕಡಿಸಿ ಅಲ್ಲೇ ಬಂಗಲೆ ಕಟ್ಟಿಸಿದರು. ಮುಂದಿನ ವರ್ಷ ನೆಂಟರಿಗೆಂದು ಪಕ್ಕದಲ್ಲಿ ಎರಡು ಸಣ್ಣ ಮನೆ. ನೀರಿನ ಅಂಚಿನವರೆಗೂ ಹುಲ್ಲು ಬೆಳೆಸಿ ಗಾಡಿಗಟ್ಟಲೆ ಸಗಣಿ ಗೊಬ್ಬರ ಹಾಕಿಸಿದರು. ಮೂರೂ ಮನೆಯ ಬಚ್ಚಲ ನೀರು ಒಂದು ಚರಂಡಿಯಲ್ಲಿ ಹರಿದು ಕೆರೆಗೆ ಬೀಳುತ್ತಿತ್ತು. ಅಡುಗೆಮನೆಯ ಜಿಡ್ಡುನೀರನ್ನು ದಿನಾ ಅದೇ ಚರಂಡಿಗೆ ಸುರಿದವನು ನಾನೇ.

ಆಳುಗಳ ಸಾಲುಮನೆಗಳಾದ ನಮ್ಮ ಕೂಲಿ ಲೈನಿನವರು ಕುಡಿಯುತ್ತಿದ್ದದ್ದು ಆ ಕೆರೆಯ ನೀರನ್ನೇ. ಮೂರನೇ ಬೇಸಿಗೆಗೆ ಹಸಿರು ಪಾಚಿ ಕೆನೆಗಟ್ಟಿತು. ಒಂದು ಸಂಜೆ ಹೆಂಡತಿ ಕೊಡ ಇಳಿಸಿ, "ಇದ್ನ ಮೂಸಿ ನೋಡಿ. ಎರಡು ಸಲ ಸೋಸಿದೆ, ವಾಸನೆ ಹೋಗ್ತಾ ಇಲ್ಲ. ಮಗೂಗೆ ಮತ್ತೆ ಭೇದಿ ಶುರುವಾಯ್ತು," ಎಂದಳು.

ಆಳುಗಳ ಹಾಜರಿ ಹಾಕುವ ರೈಟರಿಗೆ ಹೇಳಿದೆ. "ಕೆಲಸ ಬೇಡ್ವಾ ಮಾರಾಯ ನಿಂಗೆ?" ಎಂದರು. ಕೊನೆಗೆ ದೊರೆಸಾನಿಗೇ ಹೇಳಿದೆ.

"ಹೌದು, ನನಗೂ ವಾಸನೆ ಬರ್ತದೆ. ಲೈನಿನ ಹೆಂಗಸರು ಅಲ್ಲಿ ಬಟ್ಟೆ ಒಗೀತಾರಲ್ಲ," ಎಂದರು ಅವರು.

"ಅವರು ಮೊದಲಿಂದ್ಲೂ ಒಗೀತಿದ್ರು ಅಮ್ಮಾ. ಈ ಚರಂಡಿ ನೀರು..."

ಅವರು ಸಾಕೆಂದು ಕೈ ಎತ್ತಿದರು. ಇನ್ನು ಯಾರೂ ಕೆರೆಗೆ ಇಳಿಯಕೂಡದೆಂದು ಮರುದಿನವೇ ರೈಟರು ಲೈನಿಗೆ ಬಂದು ಸಾರಿದರು. ತೋಟದಲ್ಲಿ ದಿನವಿಡೀ ದುಡಿದು ಬಂದ ಹೆಂಗಸರು ಕೊಡ ಹೊತ್ತು ದೂರದ ಹೊಳೆಗೆ ಹೋಗಬೇಕಾಯಿತು. ಹೊಳೆಯ ನೀರಿನಿಂದ ಮಗು ಚೇತರಿಸಿಕೊಂಡಿತು, ಅದೊಂದು ಸಮಾಧಾನ. ಯಾರೂ ನನ್ನನ್ನು ಬಯ್ಯಲಿಲ್ಲ. ಹೆಂಡತಿ ಮಾತ್ರ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ, "ನೀವು ಹೇಳದೆ ಇದ್ದಿದ್ರೇ ಚೆನ್ನಾಗಿತ್ತು," ಎಂದಳು.

ನಾನು ಅಡುಗೆಮನೆಯ ಹಿಂದೆ ಗುಂಡಿ ತೋಡಿ ಜಿಡ್ಡುನೀರನ್ನು ಅದಕ್ಕೆ ಬಿಟ್ಟೆ, ಸುತ್ತ ನಾಲ್ಕು ಬಾಳೆ ನೆಟ್ಟೆ. ಬಚ್ಚಲ ನೀರಿಗೆ ನಾನೇನು ಮಾಡಲಿ? ಅದು ಹರಿಯುತ್ತಲೇ ಇತ್ತು. ಲೈನಿನವರು ಕೆರೆಗೆ ಇಳಿಯದೆ ಎರಡು ವರ್ಷವಾದರೂ ಪಾಚಿ ದಪ್ಪವಾಗುತ್ತಲೇ ಹೋಯಿತು. ಮೀನುಗಳು ಸತ್ತು ತೇಲಿದ ದಿನ ದೊರೆಸಾನಿ ಆ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದರು.

ಅವರು ತಮ್ಮ ದೇಶಕ್ಕೆ ಹೊರಟುಹೋದ ಮೇಲೆ ಹೊಸ ದೊರೆ ಬಂದರು. ಮೊದಲ ದಿನವೇ ದಂಡೆಯಲ್ಲಿ ನಿಂತು ಮೂಗು ಮುಚ್ಚಿಕೊಂಡು, "ಯಾರು ಹಾಳು ಮಾಡಿದ್ದು ಇದನ್ನ?" ಎಂದು ಕೇಳಿದರು. ನನಗೆ ಗೊತ್ತಿತ್ತು. ಆದರೆ ಹಿಂದೊಮ್ಮೆ ಹೇಳಿ ಹೆಂಗಸರನ್ನು ಹೊಳೆಗೆ ನಡೆಸಿದ್ದೇ ಸಾಕಾಗಿತ್ತು. "ಗೊತ್ತಿಲ್ಲ ದೊರೇ," ಎಂದು ಒಳಗೆ ಹೋಗಿ ಒಲೆ ಹೊತ್ತಿಸಿದೆ.