ಹಳೆಯ ಹೆಸರಿನ ಮೇಲೆ ಕೂತ ಹೊಸ ಹೆಸರು

ಕ್ಯಾಸೆಟ್ಟಮ್ಮನಿಗೆ ಕಂಪ್ಯೂಟರ್ ಕಲಿಸಿಕೊಟ್ಟವರು ಯಾರೂ ಇಲ್ಲ.

ಬೆಳಿಗ್ಗೆ ಐದೂವರೆ. ರಸ್ತೆಯಲ್ಲಿ ಹಾರ್ನ್ ಶುರುವಾಗುವ ಮುನ್ನ ಅವರು ಅಂಧರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಏರಿಸಿ ಕೂತಿದ್ದಾರೆ. ಯಾರೋ ಹೆಂಗಸು ನಲವತ್ತೈದು ವರ್ಷದ ಹಿಂದೆ ಕಣ್ಣು ಕಾಣದವರಿಗಾಗಿ ಕ್ಯಾಸೆಟ್ಟಿಗೆ ಓದಿದ ಕಥೆ. ಪುಟ ಮಗುಚುವ ಸದ್ದು, ಸಣ್ಣದೊಂದು ಕೆಮ್ಮು. ಓದಿದ್ದು ಯಾರೆಂದು ಗುರುತು ಹಿಡಿಯಲು ಆ ಕೆಮ್ಮನ್ನೇ ಐದು ಸಲ ಕೇಳುತ್ತಾರೆ. "ನಿನ್ನೆ ಇದು ಟೀಚರಮ್ಮ ಅನ್ಕೊಂಡೆ. ಇವತ್ತು ನರ್ಸಮ್ಮ ಅನ್ಸುತ್ತೆ. ನಾಳೆ ಏನನ್ಸುತ್ತೋ, ಕೇಳಬೇಡಿ."

ಕ್ಯಾಸೆಟ್ಟುಗಳ ಧೂಳು ಹೊಡೆಯಲು ಕೆಲಸಕ್ಕೆ ಸೇರಿ ಆ ಹೆಸರು ಪಡೆದ ಕ್ಯಾಸೆಟ್ಟಮ್ಮ ಇಪ್ಪತ್ತಾರು ವರ್ಷದಲ್ಲಿ ಎಂಟುನೂರ ಹತ್ತು ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದ್ದಾರೆ. ಪುಸ್ತಕಗಳ ಪಟ್ಟಿ ಇರುವ ಎಕ್ಸ್‌ಎಂಎಲ್ ಕಡತದಲ್ಲಿ ಪುಸ್ತಕಕ್ಕೊಂದು ನಮೂದು. ಆ ನಮೂದಿಗೆ 'ಓದಿದವರು' ಎಂಬ ಅಟ್ರಿಬ್ಯೂಟ್, ಅಂದರೆ ಹೆಸರಿನ ಚೀಟಿ. ಅದನ್ನು ಅಂಟಿಸಲು ಹನ್ನೊಂದು ಸಾಲಿನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ತಾವೇ ಬರೆದುಕೊಂಡರು.

ಹೋದ ವರ್ಷ ನಲವತ್ತೊಂದು ಪುಸ್ತಕಗಳ ಹಾಳಾದ ಕೊನೆಯ ಅಧ್ಯಾಯಗಳನ್ನು ಹೊಸಬರು ಓದಿಕೊಟ್ಟರು. ಕ್ಯಾಸೆಟ್ಟಿನ ಕಾಲದಲ್ಲಿ ಹಳೆಯ ಹೆಸರಿನ ಕೆಳಗೆ ಹೊಸದನ್ನು ಬರೆಯುತ್ತಿದ್ದರು. ಇಲ್ಲೂ ಹಾಗೇ ಎಂದುಕೊಂಡು ಕ್ಯಾಸೆಟ್ಟಮ್ಮ ಅದೇ 'ಓದಿದವರು' ಅಟ್ರಿಬ್ಯೂಟ್‌ಗೆ ಹೊಸ ಹೆಸರು ಕೊಟ್ಟು ಸ್ಕ್ರಿಪ್ಟ್ ಓಡಿಸಿದರು. ಒಂದು ಚೀಟಿಯಲ್ಲಿ ಒಂದೇ ಹೆಸರು ನಿಲ್ಲುತ್ತದೆ. ಹೊಸದು ಬಂದು ಕೂತಿತು, ಹಳೆಯದು ಹೋಯಿತು.

"ಒಂದು ಎರರ್ ಆದ್ರೂ ತೋರಿಸಬಾರದಾ? ತುಟಿ ಪಿಟಕ್ ಅನ್ನಲಿಲ್ಲ. ಬ್ಯಾಕಪ್ಪೂ ಅವತ್ತೇ ಶಿಸ್ತಾಗಿ ತಗೊಂಡೆ, ಹಳೇ ಬ್ಯಾಕಪ್ಪಿನ ಮೇಲೇನೇ." ಕ್ಯಾಸೆಟ್ಟುಗಳು ಅಷ್ಟರಲ್ಲಾಗಲೇ ಗುಜರಿ ಸೇರಿದ್ದವು.

ಆರೂವರೆಗೆ ಕಣ್ಣು ಕಾಣದ ಟೆಲಿಫೋನ್ ಆಪರೇಟರ್ ಒಬ್ಬರು ಕೋಲೂರಿಕೊಂಡು ಬರುತ್ತಾರೆ. ದನಿಗಳಲ್ಲೇ ಬದುಕಿದ ಮನುಷ್ಯ. ಅವರ ತಾಯಿ ಇಲ್ಲಿ ಕ್ಯಾಸೆಟ್ಟಿಗೆ ಒಂದು ಪುಸ್ತಕ ಓದಿದ್ದರು. ಮಗನಿಗೆ ಏಳು ತುಂಬುವಷ್ಟರಲ್ಲಿ ತೀರಿಕೊಂಡರು. ಯಾವ ಪುಸ್ತಕವೆಂದು ಮಗನಿಗೆ ಗೊತ್ತಿಲ್ಲ. ಹೆಸರು ಹೋದ ಪುಸ್ತಕಗಳಲ್ಲಿ ಎರಡು ದನಿಗಳ ನಡುವೆ ನಾಲ್ಕು ತಿಂಗಳಿಂದ ತೂಗಾಡುತ್ತಿದ್ದಾರೆ.

"ನಮ್ಮಮ್ಮ ಮನೇಲಿ ಇಷ್ಟು ನಿಧಾನವಾಗಿ ಮಾತಾಡಿದ್ದೇ ಇಲ್ಲ ಕಣಮ್ಮ. ಯಾರನ್ನಾದ್ರೂ ಬೈದಿರೋ ಪುಟ ಇದ್ರೆ ಹಾಕು, ಥಟ್ಟನೆ ಹೇಳ್ತೀನಿ."

"ಎರಡರಲ್ಲೂ ಬರೀ ಒಳ್ಳೆಯವರೇ ಇದ್ದಾರೆ ಅಣ್ಣಾ, ಏನ್ ಮಾಡಲಿ?"

ಅವರು ನಗುತ್ತಾರೆ, ಮತ್ತೆ ಕೇಳುತ್ತಾರೆ, ಸುಸ್ತಾಗುತ್ತಾರೆ. "ಯಾವುದೋ ಒಂದಕ್ಕೆ ಅಮ್ಮನ ಹೆಸರು ಹಾಕ್ಬಿಡು. ನನಗೂ ವಯಸ್ಸಾಯ್ತು."

ಕ್ಯಾಸೆಟ್ಟಮ್ಮನ ಬೆರಳು ಕೀಲಿಮಣೆಯ ಮೇಲಿದೆ. ಒಂದೇ ಸಾಲು, ಒಂದೇ ಒತ್ತು. ಕೈ ಹಿಂದಕ್ಕೆ ತೆಗೆಯುತ್ತಾರೆ.

"ಬೇಡ ಅಣ್ಣಾ. ಅದು ಬೇರೆ ಯಾರದೋ ಆಗಿದ್ರೆ, ಆಯಮ್ಮನ ಹೆಸರನ್ನ ನಾನು ಎರಡನೇ ಸಲ ಅಳಿಸಿದ ಹಾಗಾಗುತ್ತೆ."

ಆಪರೇಟರ್ ಕೋಲು ತಡಕುತ್ತಾರೆ. ನಾಳೆಯೂ ಬರುತ್ತಾರೆ.

ಹೋದ ಹೆಸರು ನಲವತ್ತೊಂದು. ಸಿಕ್ಕಿದ್ದು ಹದಿನಾಲ್ಕು. ಇಪ್ಪತ್ತೇಳು ಇನ್ನೂ ಇಲ್ಲ.