ಕೀಲ್ ಕೆಳಗಿನ ನಿಂಬೆಹಣ್ಣು

ಪೀಣ್ಯದ ಆ ಫೈಬರ್ ಮೇಸ್ತ್ರಿ ಅದುವರೆಗೆ ನೀರಿನ ಟ್ಯಾಂಕುಗಳನ್ನಷ್ಟೇ ರಿಪೇರಿ ಮಾಡಿದ್ದವರು. ನನ್ನ ಹಳೆಯ ಹಾಯಿದೋಣಿ ಬಂಡೆಗೆ ತಾಗಿ, ತಳದಿಂದ ರೆಕ್ಕೆಯಂತೆ ಇಳಿದಿರುವ ಕೀಲ್ ಬಿರುಕು ಬಿಟ್ಟಿತ್ತು. ಅವರು ಅದನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, "ಟ್ಯಾಂಕಲ್ಲಿ ನೀರು ಆಚೆ ಬರಬಾರ್ದು, ಇದ್ರಲ್ಲಿ ಒಳಗೆ ಬರಬಾರ್ದು. ಅಷ್ಟೇ ತಾನೇ ಸಾರ್?" ಎಂದರು. ಏನು ಕೇಳಿದರೂ ಕೊನೆಗೆ ಅದೇ ಮಾತು.

ಬಿರುಕು ಉಜ್ಜಿ, ಫೈಬರ್ ಅಂಟಿಸಿ, ಒಣಗಿದ ಮೇಲೆ, ಹೊರಡುವ ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಲೇಬೇಕೆಂದು ಹಟ ಹಿಡಿದರು.

"ಇದಕ್ಕೆ ಚಕ್ರಾನೇ ಇಲ್ವಲ್ಲ ಅಣ್ಣಾ!"

"ಕೀಲ್ ಇದೆಯಲ್ಲ ಸಾರ್."

ಚೈನಿನಲ್ಲಿ ತೂಗುತ್ತಿದ್ದ ದೋಣಿಯಡಿ ತೆವಳಿ ಹಣ್ಣಿಟ್ಟರು. ಕೈ ಹಿಂದೆಗೆಯುವಷ್ಟರಲ್ಲಿ ಚೈನ್ ಗೇಣುದ್ದ ಜಾರಿತು. ಕೀಲ್ ಧಡ್ಡನೆ ನೆಲಕ್ಕೆ ಬಡಿಯಿತು. ಆ ಸದ್ದು ಈಗಲೂ ನನ್ನ ಎದೆಯಲ್ಲಿದೆ.

ಧೂಳು ಮೆತ್ತಿಕೊಂಡು ಹೊರಬಂದವರು ಬೆರಳು ನೋಡಿಕೊಳ್ಳಲಿಲ್ಲ. ಕೀಲನ್ನೇ ಬಡಿದು ಕೇಳಿದರು. "ಬಿರುಕಿಲ್ಲ. ಪೂಜೆನೂ ಆಯ್ತು, ಟೆಸ್ಟಿಂಗೂ ಆಯ್ತು."

"ಅಣ್ಣಾ, ನಿಮ್ಮ ಕೈ ಹೋಗ್ತಿತ್ತು!"

"ಹೋಗ್ಲಿಲ್ಲ. ಅಷ್ಟೇ ತಾನೇ ಸಾರ್?" ಎಂದವರು, ಒಮ್ಮೆ ಚೈನಿನತ್ತ ನೋಡಿ, ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟರು. ಜೇಬಿನಿಂದ ಇನ್ನೊಂದು ನಿಂಬೆಹಣ್ಣು ತೆಗೆದು ನನ್ನತ್ತ ಚಾಚಿದರು.

"ಇದ್ರಲ್ಲಿ ಒಂದು ಶರಬತ್ತು ಮಾಡಿಸಿ ಸಾರ್."