ಬಿಡುಗಡೆಗೆ ಒಂದು ಸಾಲೂ ಇಲ್ಲ

೨೦೧೬ರ ಮಾರ್ಚ್ ೧೧, ಶುಕ್ರವಾರ, ಬೆಳಿಗ್ಗೆ ೯.೪೦. ಕೊಲ್ಲಿ ನಾಡಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ಕನ್ನಡದ ನಾಲ್ಕು ಮನೆಯವರು ಉಪ್ಪಿಟ್ಟು ತಿನ್ನುತ್ತಿದ್ದಾಗ ವಾದ ಶುರುವಾಯಿತು. ಸುಮಾರು ಇನ್ನೂರು ಕಿಲೋಮೀಟರ್ ದೂರದ ಬಂದರು ಪಟ್ಟಣ ಸೊಹಾರ್‌ನಲ್ಲಿ ತಾಮ್ರದ ಕೇಬಲ್ ಕದ್ದ ‘ಏಷ್ಯನ್’ ಸಿಕ್ಕಿಬಿದ್ದನೆಂದು ಪತ್ರಿಕೆ ಬರೆದಿತ್ತು.

“ಏಷ್ಯನ್ ಅಂದ್ರ ನಾವೂ ಅಲ್ಲೇನ್ರಿ?” ಎಂದರು ಧಾರವಾಡದ ಅಂಕಲ್.

“ಅಯ್ಯೋ, ಅದು ಬಂಗಾಲಿಗಳಿಗೆ ಹೇಳೋದು ಕಣ್ರೀ. ನೀವ್ಯಾಕೆ ಮೈಮೇಲೆ ಎಳ್ಕೋತೀರಾ?” ಎಂದರು ಮೈಸೂರಿನ ಆಂಟಿ.

ಹಿಡಿದದ್ದು ನಮ್ಮ ಕಂಪನಿ ಬಸ್ಸಿನ ಬಾಂಗ್ಲಾದೇಶಿ ಡ್ರೈವರನ್ನು ಎಂದೆ.

“ನೋಡಿ, ನಾನು ಹೇಳ್ಲಿಲ್ವಾ!” ಎಂದು ಆಂಟಿ ನಕ್ಕರು.

ಕಳವಾದ ಹೊತ್ತಿಗೆ ಅವನು ನಮ್ಮನ್ನೇ ಸೊಹಾರ್‌ಗೆ ಕರೆದೊಯ್ಯುತ್ತಾ ಇನ್ನೂ ದಾರಿಯಲ್ಲಿದ್ದ. ಹೊರಟ ಸಮಯ, ತಲುಪಿದ ಸಮಯ ಎರಡೂ ನನ್ನ ಡೈರಿಯಲ್ಲಿದ್ದವು. ಭಾನುವಾರ ಅದನ್ನು ಪೊಲೀಸರಿಗೆ ತೋರಿಸಿದೆ. ಬಂಧಿಸಿದ ಐದನೆಯ ದಿನ ಅವನನ್ನು ಬಿಟ್ಟರು.

ಪತ್ರಿಕೆಗೆ ಮೂರು ಪತ್ರ ಬರೆದೆ. ಬಂಧನಕ್ಕೆ ಎರಡು ಕಾಲಂ ಕೊಟ್ಟವರು ಬಿಡುಗಡೆಗೆ ಒಂದು ಸಾಲನ್ನೂ ಕೊಡಲಿಲ್ಲ. ಆ ವರ್ಷ ನಾನು ಕತ್ತರಿಸಿಟ್ಟ ಹದಿನಾಲ್ಕು ಕಳ್ಳತನದ ಸುದ್ದಿಗಳಲ್ಲಿ ಹನ್ನೊಂದರ ತಲೆಬರಹದಲ್ಲೇ ‘ಏಷ್ಯನ್’ ಇದೆ. ಯುರೋಪಿನವನೊಬ್ಬ ಸಿಕ್ಕಾಗ ಮಾತ್ರ ಅವನು ಬರೀ ‘ವ್ಯಕ್ತಿ’.

ಎಣ್ಣೆ ಬೆಲೆ ಕುಸಿದು ಕಂಪನಿ ಜನರನ್ನು ತೆಗೆಯುತ್ತಿತ್ತು. ಪಟ್ಟಿಯಲ್ಲಿ ಆ ಡ್ರೈವರನದೇ ಮೊದಲ ಹೆಸರು. “ಪೇಪರಲ್ಲಿ ಬಂದವನನ್ನ ಹೇಗಪ್ಪಾ ಇಟ್ಕೊಳ್ಳೋದು? ಖಲಾಸ್,” ಎಂದರು ಮ್ಯಾನೇಜರ್. ಅವರೂ ಕನ್ನಡದವರೇ. ಏಪ್ರಿಲ್ ಎರಡರಂದು ಅವನನ್ನು ವಿಮಾನ ಹತ್ತಿಸಿದರು.

ಅವನ ಊರು ಚಿತ್ತಗಾಂಗ್ ಕಡೆ. ಆಮೇಲೆ ಅವನಿಗೆ ಎಲ್ಲಾದರೂ ಕೆಲಸ ಸಿಕ್ಕಿತೇ ಎಂಬುದು ನನಗೆ ತಿಳಿದಿಲ್ಲ. ಬಲ್ಲವರಿದ್ದರೆ ಬರೆದು ತಿಳಿಸಿ.